ಕದಿರಮ್ಮನ ವಕೀಲ

೧೯೩೮ರಲ್ಲಿ ಕದಿರಮ್ಮ ಊರಬಾವಿಯಿಂದ ನೀರು ಸೇದುವ ಹಕ್ಕಿಗಾಗಿ ದಾವೆ ಹೂಡಿದಳು. ವಕೀಲರನ್ನಿಡಲು ಗತಿಯಿಲ್ಲ, ಕೋರ್ಟೇ ಒಬ್ಬರನ್ನು ನೇಮಿಸಿಕೊಡಲಿ ಎಂದು ಅರ್ಜಿಯನ್ನೂ ಹಾಕಿದ್ದಳು. ಅವಳ ಜಾತಿಯವರನ್ನು ಕೋರ್ಟಿನ ಒಳಗೆ ಬಿಡುತ್ತಿರಲಿಲ್ಲ. ಯಾವ ಕಾನೂನಿನಲ್ಲೂ ಹಾಗೆಂದು ಬರೆದಿರಲಿಲ್ಲ; ಅಲ್ಲಿನ ವಕೀಲರೆಲ್ಲ ಕಣ್ಣು ಮುಚ್ಚಿಕೊಂಡಿದ್ದೆವು, ನಾನೂ ಸೇರಿ. ಜವಾನ ಕಿಟಕಿಯ ಹತ್ತಿರ ನಿಂತು ಹೆಸರು ಕೂಗುತ್ತಿದ್ದ. ಹೊರಗಿನ ಹುಣಸೆಮರದ ಕಡೆಯಿಂದ "ಇದೀನಿ ಸ್ವಾಮಿ" ಎಂಬ ದನಿ ಬಂದರೆ ಹಾಜರಿ ಬೀಳುತ್ತಿತ್ತು. ಯಾರೂ ಎದ್ದು ನೋಡುತ್ತಿರಲಿಲ್ಲ.

ಹೀಗೆ ನಾಲ್ಕು ವಾಯಿದೆ ಕಳೆದ ಮೇಲೆ ಮುನ್ಸೀಫರು ನನ್ನನ್ನು ಅವಳ ವಕೀಲನಾಗಿ ನೇಮಿಸಿದರು. ವಕಾಲತ್ತಿಗೆ ಹೆಬ್ಬೆಟ್ಟು ಹಾಕಿಸಲು ಮರದಡಿಗೆ ಹೋದರೆ ಅಲ್ಲಿ ಯಾರೂ ಇರಲಿಲ್ಲ. ಮಾರನೆಯ ದಿನ ಆವನಿ ಊರಿನ ಆಚೆಗಿದ್ದ ಅವಳ ಗುಡಿಸಲಿಗೇ ಹೋದೆ.

ಅವಳ ತಂಗಿ ಮುನಿಶಾಮಮ್ಮ ನನ್ನ ಕರಿ ಕೋಟನ್ನೇ ನೋಡಿದಳು. "ಅಕ್ಕ ಅರ್ಜಿ ಹಾಕಿದ ವಾರಕ್ಕೇ ಹೋಗ್ಬಿಟ್ಳಲ್ಲ ಸ್ವಾಮಿ. ಕುಂಟೆ ನೀರು ಕುಡ್ದು ವಾಂತಿಬೇದಿ ಆಯ್ತು. ಐದು ತಿಂಗ್ಳಾಯ್ತು."

"ಮತ್ತೆ ಕೋರ್ಟಿಗೆ ಬರ್ತಿರೋದು ಯಾರಮ್ಮ?"

"ನಮ್ಮೋರು ಯಾರೂ ಬಂದಿಲ್ಲ."

ಮುಂದಿನ ವಾಯಿದೆಗೆ ವಿಷಯ ತಿಳಿಸಿ ಕಡತ ಮುಚ್ಚಿಸಬೇಕೆಂದೇ ಹೋಗಿದ್ದೆ. ಮಟಮಟ ಮಧ್ಯಾಹ್ನ. ನಾನು ಬಾಯಿ ಬಿಡುವ ಮೊದಲೇ ಜವಾನ ಹೆಸರು ಕೂಗಿದ. ಅವತ್ತು ನಾನೊಬ್ಬ ಎದ್ದು ಕಿಟಕಿಯಿಂದ ನೋಡಿದೆ. ಮರದಡಿ ನೆರಳು ಬಿಟ್ಟರೆ ಏನೂ ಇರಲಿಲ್ಲ.

"ಇದೀನಿ ಸ್ವಾಮಿ," ಎಂದಿತು ಆ ನೆರಳಿನಿಂದ ದನಿ. "ನಮ್ಮ ಲಾಯರ್ ಬಂದವ್ರಾ?"

ಮುನ್ಸೀಫರು ಕಡತದಿಂದ ತಲೆಯೆತ್ತದೆ ನನ್ನತ್ತ ಕೈ ತೋರಿಸಿದರು.

"ಬಂದಿದೀನಮ್ಮ," ಎಂದು ವಾದ ಶುರು ಮಾಡಿದೆ.