ಬಾಯಿಗೊಂದು, ಕಿವಿಗೊಂದು

“ಹಾಕ್ಲೋ ಬೇಡ್ವೋ? ಅದೊಂದು ಹೇಳಿಬಿಡು ಅಣ್ಣ.”

ನಾದಿನಿ ಸೀಮೆಸುಣ್ಣದ ಬಿಲ್ಲೆಯನ್ನು ಕಪಾಟಿನ ಬಾಗಿಲಿಗೆ ಒತ್ತಿ ಹಿಡಿದು ನಿಂತಿದ್ದಳು. ಬಟ್ಟೆ ಕತ್ತರಿಸುವ ಮೊದಲು ಟೈಲರುಗಳು ಗುರುತು ಹಾಕುವ ಬಿಲ್ಲೆ ಅದು. ಬಾಗಿಲ ಒಳಮೈಯಲ್ಲಿ ಎರಡು ಸಾಲು ಗೆರೆಗಳಿದ್ದವು. ಒಂದು ಅವಳದು, ಇನ್ನೊಂದು ಅತ್ತಿಗೆಯದು. ಮುಗಿಸಿದ ಪುಸ್ತಕಕ್ಕೊಂದು ಗೆರೆ. ವರ್ಷದ ಕೊನೆಗೆ ಎಣಿಸಿ, ಹೋದ ವರ್ಷಕ್ಕಿಂತ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ವಾದಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಶುರುಮಾಡುತ್ತಿದ್ದರು.

ಅತ್ತಿಗೆ ಈಗ ಮುಂದಿನ ಕೋಣೆಯಲ್ಲಿ ಹೂವುಗಳ ನಡುವೆ ಮಲಗಿದ್ದಳು. ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಬೀದಿಯ ಅರ್ಧ ಜನ ಅವಳು ಹೊಲಿದುಕೊಟ್ಟ ಬಟ್ಟೆಯನ್ನೇ ಹಾಕಿಕೊಂಡು ಅವಳನ್ನು ನೋಡಲು ಬಂದಿದ್ದರು.

“ಮುಗಿಸಿರಲಿಲ್ಲವಲ್ಲ,” ಎಂದ ಅಣ್ಣ. ಗಡಿಯಾರ ರಿಪೇರಿಯವನು; ಯಾವುದನ್ನೂ ಅಂದಾಜಿನ ಮೇಲೆ ಬಿಟ್ಟವನಲ್ಲ. “ಅರ್ಧ ಪುಸ್ತಕಕ್ಕೆ ಗೆರೆ ಇಲ್ಲ. ನೀವಿಬ್ಬರೇ ಮಾಡಿಕೊಂಡ ಕಾನೂನು.”

“ಅರ್ಧಕ್ಕೆ ನಿಂತಿದ್ದು ಅತ್ತಿಗೆಯಿಂದಲ್ಲ, ನನ್ನ ಈ ಹಾಳು ಗಂಟಲಿಂದ.”

ಅದು ನಿಜ. ಶೀತ ಹಿಡಿದು ಅವಳ ಸ್ವರ ಕಟ್ಟಿಹೋಗಿತ್ತು. ಓದುತ್ತಿದ್ದ ಕಾದಂಬರಿಯಲ್ಲಿ ಹೋಟೆಲೊಂದರ ಮೇಲಿನ ಮಹಡಿಯ ಕೋಣೆಗೆ ವರ್ಷಗಳಿಂದ ಬೀಗ ಬಿದ್ದಿತ್ತು. ಒಳಗಿನಿಂದ ಯಾರೋ ಕೆಮ್ಮಿದ್ದರು. ಕತೆ ಸರಿಯಾಗಿ ಅಲ್ಲಿಗೆ ನಿಂತಿತ್ತು. “ಪರವಾಗಿಲ್ಲ ಬಿಡೇ, ಮೊದಲು ಬಿಸಿನೀರು ಕುಡಿ. ಕೆಮ್ಮೋರು ಎಲ್ಲಿಗೆ ಹೋಗ್ತಾರೆ?” ಎಂದು ಅತ್ತಿಗೆ ನಕ್ಕಿದ್ದಳು.

“ಯಾರು ಕೆಮ್ಮಿದ್ದು ಅಂತ ಗೊತ್ತಾಗದೇ ಹೋದರಲ್ಲ ಅಣ್ಣ,” ಎಂದಳು ನಾದಿನಿ. ಕಣ್ಣು ತುಂಬಿ ಬಂತು.

ಅಣ್ಣನ ಮಗಳು ಬಾಗಿಲಲ್ಲಿ ಇಣುಕಿದಳು. “ಅತ್ತೆ, ಹೊರಗೆ ಜನ ಕಾಯ್ತಿದ್ದಾರೆ. ಈಗ ಇದೆಲ್ಲ ಬೇಕಾ?”

“ಬೇಕು ಕಣೇ,” ಎಂದಳು ನಾದಿನಿ. ಆದರೆ ಗೆರೆ ಎಳೆಯಲಿಲ್ಲ. ಬಿಲ್ಲೆಯನ್ನು ಕೆಳಗಿಟ್ಟಳು.

* * *

ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದ ನಾದಿನಿ ನಿವೃತ್ತಳಾಗಿ ಅಣ್ಣನ ಮನೆಗೆ ಬಂದಾಗ, ಇಬ್ಬರು ಹೆಂಗಸರು ಒಂದು ಸೂರಿನಡಿ ಎಷ್ಟು ದಿನ ಬಾಳುತ್ತಾರೋ ಎಂದು ಬೀದಿಯೇ ಕಿವಿ ನಿಮಿರಿಸಿತ್ತು. ಬೀದಿಗೆ ಕೇಳಿಸಿದ್ದು ಮಾತ್ರ ಬೇರೆ. ಹೊಲಿಗೆ ಯಂತ್ರದ ಟಕಟಕ, ಅದರ ಮೇಲೆ ನಾದಿನಿಯ ತೊಳೆದಿಟ್ಟಂಥ ಸ್ವರ.

“ಜೋರಾಗಿ ಓದೇ,” ಎಂದು ಶುರುಮಾಡಿದವಳು ಅತ್ತಿಗೆಯೇ. “ನನ್ನ ಕೈಗೆ ಬಿಡುವಿಲ್ಲ. ಕಿವಿ ಎರಡೂ ಖಾಲಿ ಬಿದ್ದಿವೆ.”

ಮೊದಲ ಪುಸ್ತಕ ಮುಗಿದಾಗ ನಾದಿನಿ ಕಪಾಟಿನ ಬಾಗಿಲ ಒಳಗೆ ಗೆರೆ ಎಳೆದಳು. ಅತ್ತಿಗೆ ಎದ್ದು ಬಂದು ಪಕ್ಕದಲ್ಲಿ ಇನ್ನೊಂದು ಎಳೆದಳು.

“ಇದೇನು?”

“ನಂದು.”

“ನೀವು ಓದಿಲ್ಲ ಅತ್ತಿಗೆ. ಕೇಳಿದ್ದೀರಿ.”

“ಹಾಗಾದ್ರೆ ನೀನು ಹಾಕ್ಕೊಂಡಿರೋ ರವಿಕೆಯೂ ನಿಂದಲ್ಲ. ಹೊಲಿದವಳು ನಾನು. ಬಿಚ್ಚಿಡು.”

ತಮಾಷೆಯಾಗಿ ಶುರುವಾದದ್ದು ಮುನಿಸಾಯಿತು. ನಾದಿನಿ ಮನಸ್ಸಿನಲ್ಲೇ ಓದತೊಡಗಿದಳು. ಅವಳ ಹೊಸ ರವಿಕೆ ಒಂದೇ ತೋಳಿನೊಂದಿಗೆ ಮೊಳೆಯಲ್ಲಿ ನೇತಾಡಿತು. ಊಟಕ್ಕೆ ಕೂತರೆ ತಟ್ಟೆಗಳದ್ದೇ ಸದ್ದು.

ಒಂದು ಮಧ್ಯಾಹ್ನ ನಾದಿನಿಗೆ ಪುಸ್ತಕದೊಳಗೆ ಏನೋ ಸಿಕ್ಕಿ ಕಿಸಕ್ಕನೆ ನಗು ಬಂತು. ಯಂತ್ರ ನಿಂತಿತು.

“ಏನು?” ಎಂದಳು ಅತ್ತಿಗೆ, ಬಟ್ಟೆಯಿಂದ ತಲೆಯೆತ್ತದೆ.

“ಏನಿಲ್ಲ.”

ಯಂತ್ರ ನಡೆಯಿತು. ನಾದಿನಿ ಬಾಯಿ ಮುಚ್ಚಿಕೊಂಡು ಮತ್ತೆ ನಕ್ಕಳು. ಯಂತ್ರ ಮತ್ತೆ ನಿಂತಿತು.

“ಅಯ್ಯೋ, ಏನು ಅಂತ ಹೇಳೇ ಮಾರಾಯ್ತಿ! ಹೊಲಿಗೆ ಸೊಟ್ಟಗೆ ಹೋಗ್ತಿದೆ!”

ಹೇಳಲು ಹೋಗಿ ನಾದಿನಿ ಇಡೀ ಪುಟ ಓದಿದಳು. ಆ ಪುಟ ಅರ್ಥವಾಗಲು ಅದರ ಹಿಂದಿನದು ಬೇಕಾಯಿತು. ಸಂಜೆಯ ಹೊತ್ತಿಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ರವಿಕೆಗೆ ಎರಡನೆಯ ತೋಳು ಬಂತು. ಅಣ್ಣನೇ ತೀರ್ಪು ಕೊಟ್ಟ: “ಬಾಯಿಗೊಂದು, ಕಿವಿಗೊಂದು. ಇಬ್ಬರಿಗೂ ಸಮ.” ಒಬ್ಬರನ್ನು ಬಿಟ್ಟು ಇನ್ನೊಬ್ಬರು ಮುಂದಿನ ಪುಟ ನೋಡಬಾರದು ಎಂದು ಆವತ್ತೇ ಆಣೆ ಮಾಡಿಸಿಕೊಂಡವಳು ಅತ್ತಿಗೆ. ಅಂದಿನಿಂದ ಎರಡು ಸಾಲೂ ಒಂದೇ ಉದ್ದ ಬೆಳೆದವು.

* * *

ಶವ ಎತ್ತುವ ಹೊತ್ತಿಗೆ ಲೈಬ್ರರಿ ಮೇಡಂ ಏದುಸಿರು ಬಿಡುತ್ತ ಬಂದರು. ಇಬ್ಬರಿಗೂ ಪುಸ್ತಕ ಆರಿಸಿಕೊಡುತ್ತಿದ್ದವರು ಅವರೇ. ಹೂವಿಟ್ಟು, ನಾದಿನಿಯ ಕೈ ಹಿಡಿದುಕೊಂಡರು.

“ನಂಬೋಕೇ ಆಗ್ತಿಲ್ಲ ಅಮ್ಮ. ಮೊನ್ನೆ ತಾನೇ ಫೋನ್ ಮಾಡಿದ್ರು.”

“ಯಾರು? ಅತ್ತಿಗೆಯಾ? ಯಾಕೆ?”

ಮೇಡಂ ತಡವರಿಸಿದರು. “ಆ ಹೋಟೆಲ್ ಕಾದಂಬರಿ... ಕೊನೇಲಿ ಏನಾಗುತ್ತೆ ಅಂತ ಕೇಳಿದ್ರು. ‘ಇವಳ ಗಂಟಲು ಸರಿಹೋಗೋವರೆಗೆ ನನ್ನ ಪ್ರಾಣ ತಡೆಯಲ್ಲ, ಹೇಳಿಬಿಡಿ’ ಅಂದ್ರು. ನಿಮಗೆ ಮಾತ್ರ ಹೇಳಬಾರದು ಅಂದಿದ್ರು.”

“ನೀವು ಹೇಳಿದ್ರಾ?”

“ಪೂರ್ತಿ ಹೇಳಿದೆ. ತುಂಬಾ ನಕ್ಕರು.”

ನಾದಿನಿ ಅತ್ತಿಗೆಯ ಮುಖದ ಹತ್ತಿರ ಬಗ್ಗಿದಳು.

“ಕಳ್ಳಿ!” ಎಂದಳು. ಒಡೆದ ಸ್ವರದಲ್ಲಿ ಅದು ಹೊರಗಿನವರಿಗೂ ಕೇಳಿಸಿತು. “ಆಣೆ ಹಾಕಿಸಿಕೊಂಡು ನನಗೇ ಟೋಪಿ ಹಾಕಿದ್ರಲ್ಲ! ಒಂದು ಪುಸ್ತಕ ಮುಂದೆ ಹೋಗಿಬಿಟ್ರಲ್ಲ!”

ಬಾಗಿಲ ಬಳಿ ನಿಂತವರು ಮುಖ ಮುಖ ನೋಡಿಕೊಂಡರು. ನಾದಿನಿ ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಅಣ್ಣನ ಹೆಗಲು ಕುಲುಕುತ್ತಿತ್ತು. ಅವನು ನಗುತ್ತಿದ್ದುದು ಖಂಡಿತ.

ಮೇಡಂ ಏನೋ ಹೇಳಲು ಬಾಯಿ ತೆರೆದರು. ನಾದಿನಿ ಎರಡೂ ಕಿವಿ ಮುಚ್ಚಿಕೊಂಡಳು. “ಕೊನೆ ನನಗೆ ಹೇಳಬೇಡಿ! ನಾನು ಓದ್ಕೋತೀನಿ.” ಓಡಿಹೋಗಿ ಪುಸ್ತಕ ತಂದು ಕೈಚೀಲಕ್ಕೆ ಹಾಕಿಕೊಂಡಳು. ಅವಳ ನಡಿಗೆ ಬೆಳಗಿನಿಂದ ಇದೇ ಮೊದಲು ಹಗುರವಾಗಿತ್ತು.

* * *

ಶವದ ವ್ಯಾನಿನಲ್ಲಿ ಎರಡು ಬದಿಗೆ ಬೆಂಚು, ನಡುವೆ ಅತ್ತಿಗೆ. ಒಂದು ಕಡೆ ಅಣ್ಣ ಮತ್ತು ಮಗಳು, ಇನ್ನೊಂದು ಕಡೆ ನಾದಿನಿ ಮತ್ತು ಮೇಡಂ. ದೊಡ್ಡ ರಸ್ತೆಯಲ್ಲಿ ಲಾರಿಯೊಂದು ಕೆಟ್ಟು ನಿಂತು ವಾಹನಗಳ ಸಾಲು ಕದಲುತ್ತಿರಲಿಲ್ಲ.

“ಓದು,” ಎಂದ ಅಣ್ಣ.

“ಇಲ್ಲೇನಾ?”

“ಮತ್ತೆಲ್ಲಿ? ಆ ಕೋಣೇಲಿ ಕೆಮ್ಮಿದ್ದು ಯಾರು ಅಂತ ನನಗೂ ಗೊತ್ತಾಗಬೇಕಲ್ಲ.”

“ಅಪ್ಪ, ನೀವೂನಾ?” ಎಂದಳು ಮಗಳು.

“ಪಕ್ಕದ ಕೋಣೇಲಿ ಕೂತಿದ್ದವನು ನಾನು. ಇವರ ಕತೆ ಕೇಳ್ತಾ ಎಷ್ಟು ಸ್ಕ್ರೂ ಕಳೆದಿದ್ದೀನೋ.”

ನಾದಿನಿ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಸ್ವರ ತಗಡು ಗೀಚಿದ ಹಾಗಿತ್ತು. ಮಗಳು ಮೊದಲು ಕಿಟಕಿಯ ಆಚೆ ನೋಡುತ್ತಿದ್ದವಳು, “ಈ ಮ್ಯಾನೇಜರ್ ಯಾರ ಕಡೆಯವನು?” ಎಂದು ಕೇಳಿ ಮುಂದಕ್ಕೆ ಬಾಗಿದಳು. ಡ್ರೈವರ್ ಹಿಂದಿನ ಗಾಜು ಸರಿಸಿ, “ಸ್ವಲ್ಪ ಜೋರಾಗಿ ಅಮ್ಮ,” ಎಂದ. ಲಾರಿ ಸರಿದು ದಾರಿ ತೆರೆದ ಮೇಲೂ ಅವನು ವ್ಯಾನನ್ನು ತುಂಬಿದ ಕೊಡ ಹೊತ್ತವನಂತೆ ನಡೆಸಿದ.

ಸ್ಮಶಾನದ ಗೇಟಿನಲ್ಲಿ ಜನ ಸೇರಿದ್ದರು. ವ್ಯಾನು ನಿಂತಿತು. ಹೊರಗಿನಿಂದ ಯಾರೋ ಹಿಂಬಾಗಿಲು ತೆರೆದು, ಹೆಗಲು ಕೊಡಲು ಮುಂದೆ ಬಂದರು.

ಒಳಗೆ ಕೂತಿದ್ದ ಅಣ್ಣ, ಮಗಳು, ಮೇಡಂ, ಮುಂದಿನ ಸೀಟಿನಿಂದ ತಿರುಗಿದ್ದ ಡ್ರೈವರ್, ಎಲ್ಲರ ಕೈಗಳೂ ಒಟ್ಟಿಗೆ ಮೇಲೆದ್ದು ಬಂದವರನ್ನು ತಡೆದವು. ನಾದಿನಿ ತಲೆಯೆತ್ತದೆ ಪುಟ ತಿರುವಿದಳು.