ಓಡಿಲಳ ಕತ್ತುಪಟ್ಟಿ

ವರ್ನಾಗೆ ಹೊಟ್ಟೆಕಿಚ್ಚು ಬಂದದ್ದು ಕಾರು ಅಪಘಾತದ ಪರಿಹಾರದ ದುಡ್ಡಿನ ಮೇಲಲ್ಲ. ದುಡ್ಡು ಇನ್ನೂ ಬಂದೇ ಇರಲಿಲ್ಲ. ಅವಳ ಕಣ್ಣು ಕುಕ್ಕಿದ್ದು ಅತ್ತಿಗೆ ಓಡಿಲಳ ಕತ್ತಿಗೆ ಡಾಕ್ಟರು ಸುತ್ತಿದ್ದ ಬಿಳಿ ಪಟ್ಟಿ. ಅದನ್ನು ಕಟ್ಟಿಕೊಂಡು ಓಡಿಲ್ ಚರ್ಚಿಗೆ ಬಂದರೆ ಸಾಕು, ಹೆಂಗಸರೆಲ್ಲ ಸರಿದು ಜಾಗ ಬಿಡುತ್ತಿದ್ದರು. ಪಾದ್ರಿಗಳೇ ಮೆಟ್ಟಿಲಿಳಿದು ಬಂದು ಕೈ ಹಿಡಿದು ಮಾತಾಡಿಸುತ್ತಿದ್ದರು. ಅದೇ ಕಾರಿನಲ್ಲಿ, ಪಕ್ಕದ ಸೀಟಿನಲ್ಲೇ ಕೂತು, ಅದೇ ಗುದ್ದು ತಿಂದಿದ್ದ ವರ್ನಾಳನ್ನು ಹೇಗಿದ್ದೀಯಮ್ಮಾ ಎಂದು ಕೇಳಿದವರು ಒಬ್ಬರಿಲ್ಲ.

ಕೇಳದೆ ಹೋಗಿದ್ದಕ್ಕೆ ಅವಳೇ ಕಾರಣ. ಬಿಂಗೋ ಆಟ ಮುಗಿಸಿ ಬರುವಾಗ ಲಾಫಯೆಟ್ ಪೇಟೆಯ ಕೆಂಪು ದೀಪದಲ್ಲಿ ನಿಂತಿದ್ದ ಅವರ ಕಾರಿಗೆ ಬ್ರೆಡ್ ಸಾಗಿಸುವ ಲಾರಿಯೊಂದು ಹಿಂದಿನಿಂದ ಬಂದು ಗುದ್ದಿತ್ತು. ಪೊಲೀಸಿನವನು ವಿಚಾರಿಸಲು ಬಂದಾಗ ಓಡಿಲ್ ಕತ್ತು ಹಿಡಿದುಕೊಂಡು ರಸ್ತೆ ಬದಿಯಲ್ಲಿ ಕೂತಿದ್ದಳು. ವರ್ನಾ ಮಾತ್ರ ಸೊಂಟದ ಮೇಲೆ ಕೈಯಿಟ್ಟು, "ನಂಗೇನೂ ಆಗಿಲ್ಲಪ್ಪ. ನಮ್ ಗಿಡ್ರಿ ಮನೆತನದ ಮೂಳೆ ಲಾರಿಗೀರಿಗೆಲ್ಲ ಜಗ್ಗೋದಲ್ಲ," ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದ್ದಳು. ಅವನು ಹಾಗೇ ಬರೆದುಕೊಂಡು ಹೋದ. ಜಂಭ ಕೊಚ್ಚಿಕೊಂಡವರ ಕೇಸನ್ನು ಆಮೇಲೆ ಯಾವ ವಕೀಲ ಮುಟ್ಟುತ್ತಾನೆ?

ಓಡಿಲಳಿಗೆ ವಕೀಲ ಸಿಕ್ಕಿದ. ಅದೂ ಎಂಥವನು! ಹೆದ್ದಾರಿಯ ಉದ್ದಕ್ಕೂ ಆಳೆತ್ತರದ ಜಾಹೀರಾತು ಫಲಕಗಳಲ್ಲಿ ಮುಷ್ಟಿ ಬಿಗಿದು ನಗುತ್ತಾ ನಿಂತಿರುತ್ತಾನಲ್ಲ, ಅವನೇ. ಓಡಿಲ್ ಊರಿಗೆಲ್ಲ ಕೂದಲು ಕತ್ತರಿಸುವವಳು. ಆ ಗುದ್ದಿನಿಂದಾಚೆಗೆ ಅವಳ ಬಲಗೈ ಬೆರಳುಗಳು ಜೋಮು ಹಿಡಿದು, ಕತ್ತರಿ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕತ್ತಿಗೆ ಆಪರೇಷನ್ ಮಾಡಿದರೆ ಕೈ ಮೊದಲಿನಂತಾದೀತು ಎಂದಿದ್ದರು ಡಾಕ್ಟರು. ಪರಿಹಾರ ಬಂದರೆ ಆಪರೇಷನ್, ಬಾರದಿದ್ದರೆ ಇಲ್ಲ. ಅವಳ ಗಂಡ, ಅಂದರೆ ವರ್ನಾಳ ಅಣ್ಣ ಆಲ್ಸಿಡ್, ಸಿಗಡಿ ಹಿಡಿಯುವ ದೋಣಿಯಲ್ಲಿ ಸಮುದ್ರದ ಮೇಲೆಯೇ ಕಾಲ ಕಳೆಯುವ ಮನುಷ್ಯ. ಅವನ ಗಳಿಕೆ ಹೊಟ್ಟೆಬಟ್ಟೆಗೆ ಸರಿಹೋಗುತ್ತಿತ್ತು.

ಇದೆಲ್ಲ ವರ್ನಾಗೆ ಗೊತ್ತಿತ್ತು. ಆದರೆ ಅವಳು ನಂಬಿರಲಿಲ್ಲ, ನಂಬುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ. ಚರ್ಚಿನ ಹೆಂಗಸರು ಸರದಿಯ ಮೇಲೆ ಓಡಿಲಳಿಗೆ ಅಡುಗೆ ಕಳಿಸುತ್ತಿದ್ದರು. ಒಂದು ದಿನ ಗಂಬೋ ಸಾರು, ಇನ್ನೊಂದು ದಿನ ಏಡಿ ತುಂಬಿದ ಬದನೆಕಾಯಿ. ಅದನ್ನು ಮುಟ್ಟಿಸುವ ಕೆಲಸ ವರ್ನಾಳದು, ನಾದಿನಿಯಲ್ಲವೇ! ಘಮ ತಡೆಯಲಾರದೆ ದಾರಿಯಲ್ಲಿ ಕಾರು ನಿಲ್ಲಿಸಿ ಅವಳು ಒಂದೆರಡು ಚಮಚ ರುಚಿ ನೋಡಿದ್ದೂ ಉಂಟು. ನನಗಾಗಿ ಯಾರೂ ಯಾವತ್ತೂ ಇಷ್ಟು ದಪ್ಪ ಸಿಗಡಿ ಹಾಕಿ ಗಂಬೋ ಮಾಡಿಲ್ಲ ಎಂದು ಕಣ್ಣಲ್ಲಿ ನೀರು ತುಂಬಿಕೊಂಡದ್ದೂ ಉಂಟು.

ಈಸ್ಟರಿಗೆ ಮುಂಚಿನ ಶುಕ್ರವಾರಗಳಲ್ಲಿ ಮಾಂಸ ಮುಟ್ಟುವಂತಿಲ್ಲ, ಮೀನು ಸಿಗಡಿಗೆ ಅಡ್ಡಿಯಿಲ್ಲ. ಹಾಗಾಗಿ ಅಂಥದೊಂದು ಶುಕ್ರವಾರ ವರ್ನಾಳ ಹಿತ್ತಲಲ್ಲಿ ಹೊಳೆಸಿಗಡಿ ಬೇಯುತ್ತಿತ್ತು. ಊರೆಲ್ಲ ನೆರೆದಿತ್ತು. ಓಡಿಲಳಿಗೆ ನೆರಳಿನಲ್ಲಿ ಕುರ್ಚಿ, ಬೆನ್ನಿಗೆ ದಿಂಬು, ಕೈಗೆ ತಣ್ಣನೆಯ ಪಾನಕ. ಹಬೆಯಲ್ಲಿ ಬೆವರು ಸುರಿಸುತ್ತಾ ಹಂಡೆಯ ಮುಂದೆ ನಿಂತಿದ್ದ ವರ್ನಾಗೆ ಮೈಯೆಲ್ಲ ಉರಿಯಿತು.

"ಓಡಿಲ್, ಈ ಬುಟ್ಟಿ ಒಂದ್ಕಡೆ ಹಿಡ್ಕೊಳ್ಳೇ. ಗಂಡಸ್ರೆಲ್ಲ ಬಿಯರ್ ಹಿಡ್ಕೊಂಡು ನಿಂತವ್ರೆ. ಇಲ್ಲಿ ಎಲ್ಲ ಬೆಂದು ಮುದ್ದೆ ಆಗ್ತಿದೆ."

"ನನ್ ಕೈ ವಿಷ್ಯ ಗೊತ್ತಲ್ಲ, ವರ್ನಾ."

"ಒಂದೇ ನಿಮಿಷ ಕಣೇ. ಆ ಪಟ್ಟಿ ಬಿಚ್ಚಿಟ್ಟು ಬಾ, ಹಬೆಗೆ ನೀನೂ ಬೆಂದ್ಹೋಗ್ತೀಯ. ಇಲ್ಲಾ, ಮಹಾರಾಣಿಗೆ ಪಲ್ಲಕ್ಕಿ ಕಳಿಸ್ಲಾ?"

ಸುತ್ತಲಿದ್ದವರು ನಕ್ಕರು. ಓಡಿಲ್ ಕೂಡ ನಗುತ್ತಾ ಎದ್ದು, ಪಟ್ಟಿ ಬಿಚ್ಚಿ ಕುರ್ಚಿಯ ಮೇಲಿಟ್ಟು ಬಂದಳು. ಇಬ್ಬರೂ ಒಂದೊಂದು ಹಿಡಿ ಹಿಡಿದು ಜಾಲರಿ ಬುಟ್ಟಿಯನ್ನು ಹಂಡೆಯಿಂದ ಮೇಲಕ್ಕೆತ್ತಿದರು. "ಈ ಕಡೇದೂ ಸ್ವಲ್ಪ ಹಿಡ್ಕೊ," ಎಂದ ವರ್ನಾ ತನ್ನ ಕೈ ಬಿಟ್ಟು, ಹಿಂದಕ್ಕೆ ಸರಿದು, ಏಪ್ರನ್ ಜೇಬಿನಿಂದ ಫೋನು ತೆಗೆದು ಫೋಟೋ ಹೊಡೆದಳು.

ಮರುಗಳಿಗೆಯಲ್ಲಿ ಬುಟ್ಟಿ ಧೊಪ್ಪೆಂದು ಬಿತ್ತು. ಸಿಗಡಿ, ಆಲೂಗಡ್ಡೆ, ಜೋಳದ ತೆನೆ ಹುಲ್ಲಿನ ತುಂಬ ಚೆಲ್ಲಾಡಿದವು. ಕೈ ಜಾರಿತೆಂದುಕೊಂಡು ಜನ ಹೋ ಎಂದು ನಕ್ಕರು. ಓಡಿಲ್ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. "ಯಾರ್ಗೂ ಹೇಳ್ಬೇಡ ಕಣೇ. ಎಲ್ರ ಊಟ ಕೆಡುತ್ತೆ," ಎಂದಳು. ನಾಟಕದವಳು ಎಂದುಕೊಂಡಳು ವರ್ನಾ. ಆದರೂ ಸಿಗಡಿ ಆರಿಸುವಾಗ ಅವಳಿಗೆ ಆ ಮುಖವನ್ನು ಮತ್ತೆ ನೋಡುವ ಧೈರ್ಯವಾಗಲಿಲ್ಲ.

ಆ ಸಂಜೆಯೇ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿದಳು. "ನಮ್ಮ ಓಡಿಲ್ ನೋಡಿ, ಒಬ್ಬಳೇ ಬುಟ್ಟಿ ಎತ್ತಿದಳು!" ಚರ್ಚಿನ ಹೆಂಗಸರು ನೋಡಲಿ, ಗಂಬೋ ನಿಲ್ಲಲಿ ಎಂಬುದಷ್ಟೇ ಅವಳ ಆಸೆ. ಆ ಹೆಂಗಸರೋ, ಧೈರ್ಯವಂತೆ ಎಂದು ಓಡಿಲಳನ್ನು ಹೊಗಳಿ, ಇನ್ನೂ ದೊಡ್ಡ ಪಾತ್ರೆಯಲ್ಲಿ ಗಂಬೋ ಕಳಿಸಿದರು. ಫೋಟೋವನ್ನು ಸರಿಯಾಗಿ ನೋಡಿದವನೆಂದರೆ ಬ್ರೆಡ್ ಲಾರಿ ಕಡೆಯ ವಕೀಲ. ಇಂಥದ್ದನ್ನು ಹುಡುಕುವುದೇ ಅವನ ಕಸುಬು. ಕೊಡುತ್ತೇವೆ ಎಂದಿದ್ದ ಪರಿಹಾರವನ್ನು ಲಾರಿಯವರು ಹಿಂದಕ್ಕೆ ತೆಗೆದುಕೊಂಡರು. ಕೋರ್ಟಿಗೆ ಮುಂಚೆ ವಕೀಲರ ಕಚೇರಿಯಲ್ಲೇ ಸಾಕ್ಷಿ ಹೇಳಲು ವರ್ನಾಗೆ ಕರೆ ಬಂತು.

ಆ ದಿನ ಓಡಿಲಳನ್ನು ಕಾರಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದವಳೂ ವರ್ನಾಳೇ.

"ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡಿದ್ದೀಯ?" ಎಂದಳು ಪಕ್ಕದಲ್ಲಿ ಕೂತ ಓಡಿಲ್. "ಫೋಟೋದಲ್ಲಿ ನಾನು ಚೆನ್ನಾಗಿ ಕಾಣ್ತೀನಿ ಅಂತ ನೀನು ಪ್ರೀತಿಯಿಂದ ಹಾಕ್ದೆ. ಹೀಗಾಗುತ್ತೆ ಅಂತ ನಿಂಗೇನು ಕನಸು ಬಿದ್ದಿತ್ತಾ? ಆಲ್ಸಿಡ್ ಅದನ್ನ ದೋಣೀಲಿ ಅಂಟಿಸ್ಕೊಂಡವ್ನೆ."

ಈ ಒಳ್ಳೆಯತನ ಕಂಡೂ ವರ್ನಾಗೆ ಹೊಟ್ಟೆ ಉರಿಯಿತು. ತಪ್ಪು ಮಾಡಿದವಳ ಪಕ್ಕದಲ್ಲೇ ಕೂತು ಇಷ್ಟು ಒಳ್ಳೆಯವಳಾಗಿರಲು ಇವಳಿಗೆ ಏನು ಹಕ್ಕಿದೆ?

ಕಚೇರಿಯಲ್ಲಿ ಉದ್ದನೆಯ ಮೇಜು. ಆಡಿದ ಮಾತನ್ನೆಲ್ಲ ಬೆರಳಚ್ಚು ಮಾಡುವ ಹೆಂಗಸೊಬ್ಬಳು ತುದಿಯಲ್ಲಿ ಕೂತಿದ್ದಳು. ವರ್ನಾ ಬಲಗೈ ಎತ್ತಿ ಪ್ರಮಾಣ ಮಾಡಿದಳು. ಲಾರಿ ಕಡೆಯ ವಕೀಲ ನಯವಾಗಿ ಫೋಟೋ ಮುಂದಿಟ್ಟ.

"ಇದ್ರಲ್ಲಿ ಬುಟ್ಟಿ ಹಿಡಿದಿರೋ ಕೈ ಯಾರದು?"

"ಓಡಿಲಳದು."

"ಬೇರೆ ಯಾರ ಕೈಯಾದ್ರೂ ಕಾಣುತ್ತಾ?"

"ಇಲ್ಲ."

"ಅಂದ್ರೆ ಅವರೊಬ್ರೇ ಎತ್ತಿದ್ರು."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಫೋಟೋವೂ ಅದನ್ನೇ ಹೇಳುತ್ತಿತ್ತು. ವರ್ನಾ ಎದುರಿಗೆ ನೋಡಿದಳು. ಓಡಿಲ್ ಎಡಗೈಯಿಂದ ಬಲಗೈ ಬೆರಳುಗಳನ್ನು ಒಂದೊಂದಾಗಿ ತಿಕ್ಕಿಕೊಳ್ಳುತ್ತಿದ್ದಳು. ಯಾರೂ ನೋಡಲೆಂದಲ್ಲ, ಅವಳಿಗೇ ಅದರ ಪರಿವೆಯಿರಲಿಲ್ಲ. ನಾಟಕವಲ್ಲ ಎಂಬುದು ಅಂದು ಮೆಟ್ಟಿಲ ಬಳಿಯೇ ತನಗೆ ಗೊತ್ತಾಗಿತ್ತು ಎಂದು ವರ್ನಾ ಈಗ ಮನಸ್ಸಿನಲ್ಲೇ ಒಪ್ಪಿಕೊಂಡಳು.

"ಇಬ್ರೂ ಎತ್ತಿದ್ವಿ. ಆಮೇಲೆ ನಾನು ಕೈ ಬಿಟ್ಟೆ."

"ಜಾರಿತಾ?"

"ಇಲ್ಲ, ಬಿಟ್ಟೆ. ಫೋಟೋ ತೆಗೆಯೋಕೆ ಬೇಕಂತ್ಲೇ ಬಿಟ್ಟೆ. ತೆಗೆದಿದ್ದೇ ತಡ ಬುಟ್ಟಿ ಬಿತ್ತು, ಅವಳೂ ಕುಸಿದ್ಲು. ಅದನ್ನ ಮಾತ್ರ ನಾನು ಯಾರಿಗೂ ಹೇಳ್ಲಿಲ್ಲ."

"ಬೇಕಂತ್ಲೇ ಯಾಕೆ ಹಾಗೆ ಮಾಡಿದ್ರಿ?"

"ಹೊಟ್ಟೆಕಿಚ್ಚು, ಸ್ವಾಮಿ. ಗುದ್ದು ತಿಂದಿದ್ದು ಇಬ್ರೂ. ಗಂಬೋ ಬಂದಿದ್ದು ಅವಳೊಬ್ಳಿಗೆ."

ಬೆರಳಚ್ಚು ಮಾಡುತ್ತಿದ್ದವಳು ಒಮ್ಮೆ ತಲೆಯೆತ್ತಿ ನೋಡಿ, ಅದನ್ನೂ ಬಡಿದಳು. ಓಡಿಲಳ ವಕೀಲ ಫಲಕದಲ್ಲಿರುವಂತೆಯೇ ಹಲ್ಲು ಬಿಟ್ಟ. ಓಡಿಲಳ ಕೈಗಳು ಮಾತ್ರ ನಿಂತುಬಿಟ್ಟಿದ್ದವು.

ಹೊರಗೆ ಓಡಿಲಳ ವಕೀಲ ವರ್ನಾಳ ಕೈ ಕುಲುಕಿ, ಕೇಸು ಉಳಿಯಿತು, ಆಪರೇಷನ್ನಿಗೆ ತೊಂದರೆಯಿಲ್ಲ ಎಂದು ಹೇಳಿ ಹೋದ. ವರ್ನಾ ಓಡಿಹೋಗಿ ಕಾರಿನ ಮುಂದಿನ ಬಾಗಿಲು ತೆಗೆದು ಹಿಡಿದಳು. ಓಡಿಲ್ ಅವಳನ್ನು ದಾಟಿ ಹೋಗಿ ಹಿಂದಿನ ಬಾಗಿಲು ತೆಗೆದಳು.

"ಮುಂದೆ ಕೂತ್ಕೊಳ್ಳೇ. ಹಿಂದೆ ಕುಲುಕುತ್ತೆ, ಕತ್ತು ನೋಯುತ್ತೆ."

"ನೋಯ್ಲಿ."

ದಾರಿಯುದ್ದಕ್ಕೂ ಕನ್ನಡಿಯಲ್ಲಿ ಓಡಿಲಳ ಮುಖ ಕಾಣುತ್ತಿರಲಿಲ್ಲ, ಬಿಳಿ ಪಟ್ಟಿ ಮಾತ್ರ ಕಾಣುತ್ತಿತ್ತು. ಕೆಂಪು ದೀಪ ಬಂದಾಗ ವರ್ನಾ ಕಾರು ನಿಲ್ಲಿಸಿ, "ಓಡಿಲ್," ಎಂದಳು. ಪಟ್ಟಿ ಕಿಟಕಿಯ ಕಡೆಗೆ ತಿರುಗಿತು. ದೀಪ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಬಾರಿಸುತ್ತಲೇ ಇದ್ದ. ವರ್ನಾ ಕನ್ನಡಿ ನೋಡುತ್ತಾ ಹಾಗೇ ಕೂತಿದ್ದಳು.