ಮುಂಬಾಗಿಲಿಗೆ ಬಳಿದ ಹಸಿರು ಬಣ್ಣ

ಸಿರಿಲ್ ಸಟ್‌ಕ್ಲಿಫ್ ತೀರಿಕೊಂಡು, ಮುಂಗೋಣೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ. ಬೀದಿಯಲ್ಲಿ ಕರಿ ಗಾಡಿ ಬಂದು ನಿಂತಿತ್ತು. ಹೆಣ ಹೊರುವವರು ಹಿತ್ತಲ ಬಾಗಿಲಿನಿಂದ ಬಂದು, ಅವನ ಹೆಂಡತಿ ಥೆಲ್ಮಾಳ ಕಾರ್ಪೆಟ್ಟಿನ ಮೇಲೆ ಎಲ್ಲಿ ಕಾಲಿಡುವುದೆಂದು ತಿಳಿಯದೆ ಮುದುರಿ ನಿಂತಿದ್ದರು. ಎಲ್ಲವೂ ಸಿದ್ಧವಾಗಿತ್ತು. ಮುಂಬಾಗಿಲೊಂದು ತೆರೆಯುತ್ತಿರಲಿಲ್ಲ, ಅಷ್ಟೇ.

ಯಾರ್ಕ್‌ಶೈರಿನ ಆ ಗಿರಣಿ ಊರಿನಲ್ಲಿ ಮುಂಬಾಗಿಲೆಂದರೆ ದಿನಬಳಕೆಯ ವಸ್ತುವೇ ಅಲ್ಲ. ಹಾಲಿನವನು, ನೆಂಟರು, ಪಾದ್ರಿ, ಎಲ್ಲರೂ ಹಿತ್ತಲಿನಿಂದಲೇ. ಮುಂಬಾಗಿಲು ತೆರೆಯುವುದು ಮದುವಣಗಿತ್ತಿಗೆ, ಇಲ್ಲವೇ ಹೆಣಕ್ಕೆ. ಥೆಲ್ಮಾಳ ಮಗಳು ಮದುವೆಯಾಗಿ ಹೋದ ಮೇಲೆ ಅದರ ಚಿಲಕ ಮುಟ್ಟಿದವರಿಲ್ಲ. ಆದರೆ ಬಣ್ಣ ಬಳಿದವನೊಬ್ಬನಿದ್ದ. ಪ್ರತಿ ವಸಂತದಲ್ಲೂ ಸಿರಿಲ್ ಆ ಬಾಗಿಲನ್ನು ತೆರೆಯದೆಯೇ, ಸಂದುಗೊಂದು ಬಿಡದೆ, ಹಸಿರು ಮೆತ್ತಿದ್ದ. ಮೆತ್ತಿ ಮೆತ್ತಿ ಬಾಗಿಲೂ ಚೌಕಟ್ಟೂ ಒಂದೇ ಹಲಗೆಯಾಗಿ ಹೋಗಿದ್ದವು. ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡ ಪುಣ್ಯಾತ್ಮ!

ಇದಕ್ಕೆಲ್ಲ ಮೂಲ ಟಿವಿ. ಹಿಂದೆ ‘ಕ್ಲೆಮ್ ಮನೆಗೆ ಬಂದ’ ಎಂಬ ಹಾಸ್ಯ ಧಾರಾವಾಹಿಯನ್ನು ಇದೇ ಬಾಗಿಲಲ್ಲಿ ಚಿತ್ರೀಕರಿಸಿದ್ದರು. ವಾರವಾರವೂ ಕ್ಲೆಮ್ ಕುಡಿದು ಬಂದು ಹಸಿರು ಬಾಗಿಲು ತಟ್ಟುವನು. ಹೆಂಡತಿಯ ಮುಖ ಯಾವತ್ತೂ ತೋರಿಸುತ್ತಿರಲಿಲ್ಲ. ಕಾಗದ ಹಾಕುವ ಕಂಡಿಯ ಹಿತ್ತಾಳೆ ಮುಚ್ಚಳ ಎದ್ದು, ಒಳಗಿನಿಂದ ಒಂದು ಗಂಟಲು ಮಾತ್ರ ಬರುವುದು: “ಕಾಲ್ ಒರೆಸ್ಕೊಂಡ್ಯಾ?” ಇಡೀ ದೇಶ ಹೊಟ್ಟೆ ಹಿಡಿದು ನಗುತ್ತಿತ್ತು.

ನಟರು ಒಬ್ಬೊಬ್ಬರಾಗಿ ಸತ್ತರು. ಅಭಿಮಾನಿಗಳು ಸಾಯಲಿಲ್ಲ. ಅವರಿಗಾಗಿಯೇ ಸಿರಿಲ್ ಬಾಗಿಲಿನ ಹಸಿರು ಮಾಸದಂತೆ ನೋಡಿಕೊಂಡಿದ್ದ. ವಾರಕ್ಕೆ ಮೂರು ಸಲ ಡೆಸ್ಮಂಡ್ ಎಂಬ ಮಾತಿನಮಲ್ಲ ಬಸ್ಸು ತುಂಬ ಜನರನ್ನು ತಂದು ಬೀದಿಗೆ ಸುರಿಯುತ್ತಿದ್ದ. ಅವರು ಮೆಟ್ಟಿಲ ಮೇಲೆ ಕೂತು ಫೋಟೋ ಹಿಡಿಸಿಕೊಳ್ಳುವರು, ಬಾಗಿಲು ತಟ್ಟುವರು. ಬಸ್ಸಿನ ಸದ್ದು ಕೇಳಿದರೆ ಸಾಕು, ಸಿರಿಲ್ ಹಿತ್ತಲಿನಿಂದ ಹೊರಬಿದ್ದು, ಸಾಲುಮನೆ ಸುತ್ತಿ, ತನ್ನದೇ ಮುಂಬಾಗಿಲಿಗೆ ಓಡಿ ಕ್ಲೆಮ್‌ನಂತೆ ಕಾಲು ಒರೆಸಿ ತೋರಿಸುತ್ತಿದ್ದ. ಎಲ್ಲರೂ ಘೊಳ್ಳೆಂದು ನಗುತ್ತಿದ್ದರು. ಅವರು ನಕ್ಕು ಮುಗಿಸಿದ ಮೇಲೆ, ಒಂದು ಗಳಿಗೆ ತಡವಾಗಿ, ಹಳೆಯ ಟ್ರ್ಯಾಕ್ಟರ್ ಸ್ಟಾರ್ಟ್ ಆದಂತೆ ಸಿರಿಲ್‌ನ ನಗು ಬರುತ್ತಿತ್ತು.

“ಒಂದೇ ಒಂದ್ ಸಲ ಆ ಮುಚ್ಚಳ ಎತ್ತಿ ಆ ಮಾತು ಹೇಳೇ, ಪಾಪ, ದೂರದಿಂದ ಬಂದಿರ್ತಾರೆ” ಎಂದು ಅವನು ಅಂಗಲಾಚುತ್ತಿದ್ದ.

“ನಾನೇನ್ ಕೋತಿನಾ, ಕಂಡಕಂಡೋರ ಮುಂದೆ ಕುಣಿಯೋಕೆ? ನೀನೊಬ್ಬ ಕುಣೀತಿದ್ದೀಯಲ್ಲ, ಸಾಕು” ಎನ್ನುತ್ತಿದ್ದಳು ಥೆಲ್ಮಾ. ಹೇಳಲಿಲ್ಲ. ಅವನಿರುವವರೆಗೂ ಹೇಳಲಿಲ್ಲ.

ಈಗ ಬಾಗಿಲ ಹಿಡಿ ಕಿತ್ತು ಕೈಗೆ ಬಂದಿತ್ತು. ಹೊರುವವರಲ್ಲಿ ಇಬ್ಬರು ಸುತ್ತಿ ಹೋಗಿ ಹೊರಗಿನಿಂದ ದೂಡಿ, ಸೋತು, ಏದುಸಿರು ಬಿಡುತ್ತ ವಾಪಸಾಗಿದ್ದರು. ಅಂತ್ಯಕ್ರಿಯೆಯ ಉಸ್ತುವಾರಿಯ ಹಾರ್ಗ್ರೀವ್ಸ್ ಗಂಟಲು ಸರಿಮಾಡಿಕೊಂಡ.

“ಮಿಸೆಸ್ ಸಟ್‌ಕ್ಲಿಫ್, ತಪ್ಪು ತಿಳ್ಕೋಬೇಡಿ. ಹಿಂಬಾಗಿಲಿಂದಲೇ ತಗೊಂಡ್ ಹೋದ್ರೆ...”

“ಕಸದ ಡಬ್ಬಿ ಹೋಗೋ ದಾರೀಲಿ ನನ್ ಗಂಡ ಹೋಗ್ಬೇಕಾ? ನನ್ ಜೀವ ಇರೋವರ್ಗೂ ಆಗಲ್ಲ. ಮುಂದಿನಿಂದಲೇ ಹೋಗ್ತಾನೆ.”

ಅಷ್ಟರಲ್ಲಿ ಬಸ್ಸು ಬಂತು. ಡೆಸ್ಮಂಡ್‌ಗೆ ಯಾರೂ ಸುದ್ದಿ ಕೊಟ್ಟಿರಲಿಲ್ಲ. ನಮ್ಮನೆ ಸಾವು ಬಸ್ಸಿನವರಿಗೇಕೆ ಎಂದು ಥೆಲ್ಮಾಳೇ ತಡೆದಿದ್ದಳು. ಕರಿ ಗಾಡಿ ಕಂಡು ಜನ ಕೇಕೆ ಹಾಕಿದರು. ಧಾರಾವಾಹಿಯಲ್ಲೂ ಕ್ಲೆಮ್ ಒಮ್ಮೆ ಹೆಣದ ಗಾಡಿಯಲ್ಲಿ ಮನೆಗೆ ಬಂದಿದ್ದ. ಟಿಕೆಟ್ ದುಡ್ಡಿಗೆ ಇಷ್ಟೆಲ್ಲ ಏರ್ಪಾಡೇ ಎಂದು ಅವರಿಗೆ ಖುಷಿಯೋ ಖುಷಿ.

ಥೆಲ್ಮಾ ಬೇರೆ ದಾರಿ ಕಾಣದೆ ಮಂಡಿಯೂರಿ ಕಂಡಿಯ ಮುಚ್ಚಳ ಎತ್ತಿದಳು.

“ಏಯ್! ಯಾರ್ರೀ ಅಲ್ಲಿ? ಈ ಬಾಗ್ಲು ದೂಡಿ!”

ಬೀದಿ ನಗೆಯಿಂದ ಸಿಡಿಯಿತು. ಚಪ್ಪಾಳೆ, ಶಿಳ್ಳೆ.

“ನಗ್ತೀರಾ? ನಿಮ್ ಮನೆ ಹಾಳಾಗ! ನಾಚ್ಕೆ ಇಲ್ವಾ ನಿಮ್ಗೆ?”

“ಅಬ್ಬಾ, ಟಿವೀಲಿದ್ದೋಳಿಗಿಂತ ಇವಳೇ ವಾಸಿ ಕಣೇ!” ಎಂದಿತು ಒಂದು ಹೆಣ್ಣುದನಿ. ಥೆಲ್ಮಾ ಬೈದಷ್ಟೂ ಅವರು ನಕ್ಕರು. ಫೋನುಗಳು ಕಂಡಿಯತ್ತ ಬಾಗಿದವು. ಥೆಲ್ಮಾಳ ಸಿಟ್ಟು ತಟ್ಟನೆ ಇಳಿದು, ಅದಿದ್ದ ಜಾಗದಲ್ಲಿ ಸಂಕಟ ತುಂಬಿತು.

“ಡೆಸ್ಮಂಡ್, ಇದ್ದೀಯೇನಪ್ಪಾ?” ಎಂದಳು ಮೆಲ್ಲಗೆ. “ಸಿರಿಲ್ ಹೋಗ್ಬಿಟ್ಟ ಕಣಪ್ಪಾ. ಇಲ್ಲೇ ಮಲಗಿದ್ದಾನೆ. ಬಾಗ್ಲು ತೆಗೆಯೋಕೆ ಆಗ್ತಾ ಇಲ್ಲ.”

ನಗು ನಿಂತಿತು. ಯಾರೋ “ನಮ್ಮ ಸಿರಿಲ್ಲಾ?” ಎಂದರು. ಆ ‘ನಮ್ಮ’ ಎಂಬ ಮಾತು ಥೆಲ್ಮಾಳಿಗೆ ಚುಚ್ಚಿತು. ಹೊರಗೆ ಭುಜಗಳು ಹಲಗೆಗೆ ತಾಗಿದವು. ಡೆಸ್ಮಂಡ್ ಕೂಗು ಹಾಕಿ ದೂಡಿಸಿದ. ಬಣ್ಣ ಚಟಚಟನೆ ಸಿಡಿದು ಬಾಗಿಲು ತೆರೆಯಿತು. ಸಿರಿಲ್ ಮರ್ಯಾದೆಯಾಗಿ ಮುಂದಿನಿಂದಲೇ ಹೋದ. ಎರಡೂ ಬದಿಗೆ ಟೋಪಿ ತೆಗೆದು ನಿಂತವರಲ್ಲಿ ಒಬ್ಬರೂ ಫೋಟೋ ಹಿಡಿಯಲಿಲ್ಲ.

ಸ್ಮಶಾನದಿಂದ ಬಂದ ಮೇಲೆ ಟೀ, ಹಂದಿಮಾಂಸದ ಸ್ಯಾಂಡ್‌ವಿಚ್. ಥೆಲ್ಮಾ ಬಸ್ಸಿನವರನ್ನೂ ಕರೆದಳು. ಮಾಂಸವನ್ನು ಇನ್ನಷ್ಟು ತೆಳ್ಳಗೆ ಕೊಯ್ದಳು. ಬಾಗಿಲು ಹಾರುಹೊಡೆದಿತ್ತು. ಆದರೂ ಅವರು ಮೆಟ್ಟಿಲ ಕೆಳಗೆ ಸಾಲಾಗಿ ನಿಂತವರು ಒಳಗೆ ಬರಲೊಲ್ಲರು.

“ಇದೇನಯ್ಯಾ ಇವರದ್ದು?” ಎಂದಳು.

ಡೆಸ್ಮಂಡ್ ತಲೆ ಕೆರೆದುಕೊಂಡ. “ಬೈಬೇಡಿ, ಮಿಸೆಸ್ ಸಟ್‌ಕ್ಲಿಫ್. ನೀವು ಆ ಮಾತು ಹೇಳ್ದೆ ಒಳಗ್ ಬರೋಕೆ ಇವರಿಗೆ ಕಾಲೇ ಬರಲ್ಲ.”

ಥೆಲ್ಮಾ ಅವರನ್ನು ದುರುಗುಟ್ಟಿ ನೋಡಿದಳು. ಆಮೇಲೆ ಎಲ್ಲರ ಮುಖಕ್ಕೆ ಬಡಿದಂತೆ ಬಾಗಿಲು ಹಾಕಿದಳು. ಚೌಕಟ್ಟು ಹಿಡಿದು, ನರಳುತ್ತ ಮಂಡಿಯೂರಿ, ಮುಚ್ಚಳ ಎತ್ತಿದಳು.

“ಕಾಲ್ ಒರೆಸ್ಕೊಂಡ್ಯಾ?”

ಹೊರಗೆ ಎಲ್ಲರೂ ನಕ್ಕರು. ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ನಗು ಮುಗಿಯಿತು. ಥೆಲ್ಮಾ ಮುಚ್ಚಳ ಬಿಡದೆ ಇನ್ನೊಂದು ಗಳಿಗೆ ಕಾದಳು. ತಡವಾಗಿ ಬರುವ ಆ ನಗು ಬರಲಿಲ್ಲ.

ಅವಳು ಏಳಲು ಬಹಳ ಹೊತ್ತು ಹಿಡಿಯಿತು. ಬಣ್ಣ ಮತ್ತೆ ಕಚ್ಚಿಕೊಂಡಿದೆಯೆಂದುಕೊಂಡು ಹೊರಗಿನವರು ಬಾಗಿಲಿಗೆ ಭುಜ ಕೊಟ್ಟರು.